ತಳ ಕಾಣದ ಪೆಟ್ಟಿಗೆ

ನನ್ನ ಕತ್ತಿ ಇಟ್ಟ ಜಾಗದಲ್ಲಿ ಇರಲಿಲ್ಲ.

ಕತ್ತಿ ಎಂದ ಕೂಡಲೇ ಗಾಬರಿಯಾಗಬೇಡಿ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಬೋರ್‌ವೆಲ್ ಮೋಟರಿನ ಬಿಡಿಭಾಗ ಮಾರುವ ಮನುಷ್ಯ. ನನ್ನ ಕೈಯಲ್ಲಿ ಸ್ಪ್ಯಾನರ್ ಬಿಟ್ಟರೆ ಬೇರೆ ಆಯುಧ ಕಂಡವರಿಲ್ಲ. ಇದು ಟ್ಯಾಬಿನೊಳಗಿನ ಆಟದ ಕತ್ತಿ. ಮಗಳ ಓದಿಗೆಂದು ಕೊಡಿಸಿದ ಟ್ಯಾಬು, ಅವಳು ಹರಪನಹಳ್ಳಿಯ ಹಾಸ್ಟೆಲ್ಲಿಗೆ ಹೋದ ಮೇಲೆ ಟಿ.ವಿ.ಯ ಪಕ್ಕದಲ್ಲಿ ಅನಾಥವಾಗಿ ಬಿದ್ದಿತ್ತು. ಅದರಲ್ಲಿ ಅವಳು ಅರ್ಧ ಆಡಿ ಬಿಟ್ಟ ಒಂದು ಆಟ. ಆಟದೊಳಗೆ ನಮಗೊಂದು ಗುಡಿಸಲು, ಮುಂದೆ ಹೊಲ, ಹಿಂದೆ ಕಾಡು, ಕಾಡಿನಾಚೆ ಗಣಿ. ಹೊಲ ಉಳಬೇಕು, ಮೀನು ಹಿಡಿಯಬೇಕು, ಗಣಿಗಿಳಿದು ಕಲ್ಲು ಒಡೆಯಬೇಕು, ಅಡ್ಡ ಬಂದ ಮೃಗಗಳನ್ನು ಹೊಡೆಯಬೇಕು. ಸಿಕ್ಕಿದ್ದನ್ನೆಲ್ಲ ಬೆನ್ನಿನ ಚೀಲಕ್ಕೆ ತುಂಬಬೇಕು. ಚೀಲಕ್ಕೆ ಇಂತಿಷ್ಟೇ ಖಾನೆಗಳು. ಅವು ತುಂಬಿದವೋ, ಜಾಗವಿಲ್ಲ ಎಂದು ಕೆಂಪಕ್ಷರ ಬರುತ್ತದೆ. ಆಗ ಗುಡಿಸಲಿಗೆ ಮರಳಿ, ಗೋಡೆಯುದ್ದಕ್ಕೂ ಇಟ್ಟ ಮರದ ಪೆಟ್ಟಿಗೆಗಳಿಗೆ ಸಾಮಾನು ಇಳಿಸಬೇಕು.

ಬೇರೆಯವರು ಇಂಥ ಆಟವನ್ನು ಮೃಗ ಹೊಡೆಯುವುದಕ್ಕೆ ಆಡುತ್ತಾರಂತೆ. ನಾನು ಆಡುವುದು ಪೆಟ್ಟಿಗೆ ಜೋಡಿಸುವುದಕ್ಕೆ. ಕಾಳುಕಡಿಗೊಂದು ಪೆಟ್ಟಿಗೆ, ಕಲ್ಲು ಕಬ್ಬಿಣಕ್ಕೊಂದು, ಔಷಧಿಯ ಸೀಸೆಗಳಿಗೇ ಒಂದು. ಸೀಸೆಗಳನ್ನು ಬಣ್ಣದ ಪ್ರಕಾರ ನಿಲ್ಲಿಸುತ್ತೇನೆ. ಗಣಿಯಲ್ಲಿ ಜೀವ ಹೋಗುವ ಹೊತ್ತಿನಲ್ಲೂ ಅವನ್ನು ಕುಡಿಯುವುದಿಲ್ಲ, ಮುಂದೆ ಇದಕ್ಕಿಂತ ಕೆಟ್ಟ ಕಾಲ ಬಂದೀತೆಂಬ ಗುಮಾನಿ. ಹೀಗೆ ಸೀಸೆಗಳ ಸಮೇತ ಎಷ್ಟೋ ಸಲ ಸತ್ತಿದ್ದೇನೆ. ಹರಿದ ಬೂಟು, ಮುರಿದ ಗಾಳ, ಯಾತಕ್ಕೂ ಬಾರದ ಜಿಂಕೆಯ ಕೊಂಬು, ಇವು ಯಾವುದನ್ನೂ ಎಸೆದವನಲ್ಲ. ಆಟದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಸಾಮಾನೆಲ್ಲ ತಾನಾಗಿಯೇ ಜೋಡಣೆಯಾಗುತ್ತದೆ ಎಂದು ಮಗಳು ತೋರಿಸಿಕೊಟ್ಟಿದ್ದಳು. ಇವತ್ತಿನವರೆಗೂ ಅದನ್ನು ಒತ್ತಿಲ್ಲ. ನನ್ನ ಪೆಟ್ಟಿಗೆಯಲ್ಲಿ ಕೈಯಾಡಿಸಲು ಅದು ಯಾರು?

ಇಷ್ಟು ಅಚ್ಚುಕಟ್ಟಿನ ಮನುಷ್ಯನ ಅಂಗಡಿ ಹೇಗಿರಬೇಡ ಎಂದು ನೀವು ಊಹಿಸುತ್ತಿದ್ದರೆ ದಯವಿಟ್ಟು ಊಹಿಸಬೇಡಿ. ಅಲ್ಲಿ ಬುಷ್ ಕೇಳಿದರೆ ಬೇರಿಂಗ್ ಸಿಗುತ್ತದೆ, ಬೇರಿಂಗ್ ಕೇಳಿದರೆ ನನ್ನ ಹಳೆಯ ಕನ್ನಡಕ ಸಿಗುತ್ತದೆ. ಪಕ್ಕದ ಅಂಗಡಿಯಲ್ಲಿ ಮೋಟರ್ ರಿವೈಂಡಿಂಗ್ ಮಾಡುವ ಖಾಜಾ ನನ್ನ ಬಾಲ್ಯದ ಗೆಳೆಯ. ತನಗೆ ಬೇಕಾದ ಸಾಮಾನು ನಮ್ಮ ಅಂಗಡಿಯಲ್ಲಿ ಇದೆಯೆಂದು ಗೊತ್ತಿದ್ದರೂ ಅವನು ಹೊಸಪೇಟೆಯಿಂದ ತರಿಸುತ್ತಾನೆ. ಹೊಸಪೇಟೆಗೆ ಹೋಗಿ ಬರುವುದು ಬೇಗ ಆಗುತ್ತದೆಯಂತೆ.

ಹಾಗಾಗಿ, ನನ್ನ ಬದುಕಿನಲ್ಲಿ ಎಲ್ಲವೂ ಇಟ್ಟ ಕಡೆ ಇರುವ ಜಾಗ ಆ ಗುಡಿಸಲೊಂದೇ. ಅಲ್ಲಿಯೇ ಕತ್ತಿ ಜಾಗ ಬಿಟ್ಟಿತ್ತು. ಹುಡುಕಿದರೆ ಅದು ಕುಡುಗೋಲು, ಗುದ್ದಲಿಗಳ ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿತ್ತು. ಮೊದಲು ನಾನೇ ಮರೆತು ಇಟ್ಟಿರಬೇಕೆಂದುಕೊಂಡೆ. ಆದರೆ ಔಷಧಿಯ ಸೀಸೆಗಳು ಬಾಗಿಲ ಹತ್ತಿರದ ಪೆಟ್ಟಿಗೆಗೆ ಬಂದಿದ್ದವು. ಇನ್ನೊಂದು ಸಂಗತಿ ಅದಕ್ಕಿಂತ ವಿಚಿತ್ರವಾಗಿತ್ತು. ಹಿಂದಿನ ದಿನ ನಾನು ಪೂರ್ತಿ ಖಾಲಿ ಮಾಡಿದ್ದ ಪೆಟ್ಟಿಗೆಯ ಮೂಲೆಯ ಖಾನೆಯಲ್ಲಿ ಒಂದು ಹಿಡಿ ಕಾಳಿನ ಚಿತ್ರ. ಆಟದವರು ಅದನ್ನು ಗೋಧಿ ಎನ್ನುತ್ತಾರೆ, ನಮ್ಮ ಕಡೆಯ ಕಣ್ಣಿಗೆ ಅದು ಜೋಳವೇ. ಒಂದು ಪೆಟ್ಟಿಗೆಯಲ್ಲಲ್ಲ, ಖಾಲಿ ಇದ್ದ ಪ್ರತಿ ಪೆಟ್ಟಿಗೆಯಲ್ಲೂ ಒಂದೊಂದು ಹಿಡಿ. ಕದಿಯುವ ಕಳ್ಳರನ್ನು ಕೇಳಿದ್ದೇನೆ. ಇಟ್ಟು ಹೋಗುವ ಕಳ್ಳರ ಮೇಲೆ ನನಗೆ ಇನ್ನೂ ಹೆಚ್ಚಿನ ಸಂಶಯ.

ಈ ಸಂಶಯ ನನಗೆ ಬಂದದ್ದು ತಾಯಿಯ ಹಾಲಿನೊಡನೆ. ನಮ್ಮವ್ವನನ್ನು ನೀವು ನೋಡಬೇಕು. ಬೆಲ್ಲದ ಪೆಂಟೆ, ಅಂದರೆ ದೊಡ್ಡ ಉಂಡೆ, ಮನೆಗೆ ಬಂದರೆ ಅದರ ಮೈಮೇಲೆ ಹೆಬ್ಬೆಟ್ಟು ಒತ್ತಿ ಗುರುತು ಮಾಡಿಯೇ ಡಬ್ಬಿಗೆ ಹಾಕುವವಳು. ಗುರುತು ಅಳಿದಿತ್ತೋ, ಮನೆಯಲ್ಲಿ ವಿಚಾರಣೆ. ಎಣ್ಣೆಯ ಬಾಟಲಿಗೆ ಎಣ್ಣೆ ಇರುವ ಮಟ್ಟದಲ್ಲಿ ದಾರ ಸುತ್ತುವವಳು. ಶೇಂಗಾ ಚೀಲದ ಬಾಯಿಗೆ ಅವಳು ಹಾಕುವ ಗಂಟಿಗೆ ಒಂದು ಬಾಲ, ಆ ಬಾಲ ಯಾವತ್ತೂ ದೇವರ ಮನೆಯ ಕಡೆ ಮುಖ ಮಾಡಿರಬೇಕು. ಅಪ್ಪ ಬದುಕಿದ್ದಾಗ ಒಮ್ಮೆ ಯಾರಿಗೂ ಕಾಣದಂತೆ ಶೇಂಗಾ ತೆಗೆದು ತಿಂದು, ಗಂಟನ್ನು ಮೊದಲಿನ ಹಾಗೆಯೇ ಕಟ್ಟಿದ್ದ. ಬಾಲ ಮಾತ್ರ ಬೀದಿಯ ಕಡೆ ತಿರುಗಿತ್ತು. ಅವ್ವ ಗಂಟನ್ನು ನೋಡಿದಳು, ಅಪ್ಪನ ಮೀಸೆಯನ್ನು ನೋಡಿದಳು, ಒಳಗೆ ಹೋದಳು. ಆಮೇಲೆ ಎಷ್ಟೋ ದಿನ ಅಪ್ಪ ತನ್ನ ಮನೆಯಲ್ಲೇ ನೆಂಟನಂತೆ ಕೇಳಿ ಕೇಳಿ ತಿನ್ನುತ್ತಿದ್ದ.

ಅವ್ವನ ಸೊಂಟದಲ್ಲಿ ಒಂದು ಸಂಚಿ ಇದೆ. ಈಗಿನ ಆಟಗಳ ಚೀಲವನ್ನು ಯಾವನೋ ಜಾಣ ಕಂಡುಹಿಡಿದ ಎಂದು ನೀವು ನಂಬಿದ್ದರೆ, ಈ ಸಂಚಿ ಒಮ್ಮೆ ನೋಡಿ. ಎಲೆಗೆ ಒಂದು ಖಾನೆ, ಅಡಿಕೆಗೆ ಒಂದು, ತಂಬಾಕಿಗೆ ಒಂದು, ಸುಣ್ಣದ ಡಬ್ಬಿಗೆ ಒಂದು. ಕತ್ತಲಲ್ಲೂ ಅವಳ ಬೆರಳು ತಪ್ಪುವುದಿಲ್ಲ. ಎಲ್ಲಕ್ಕಿಂತ ಒಳಗಿನ ಖಾನೆಯಲ್ಲಿರುವುದು ನಮ್ಮ ಮನೆಯ ಕಾಳಿನ ಕೋಣೆಯ ಕೀಲಿಕೈ. ಚಿಕ್ಕವನಿದ್ದಾಗ ಆ ಖಾನೆಯಲ್ಲಿ ಏನೋ ನಿಧಿ ಇರಬೇಕೆಂದು ನಾನು ನಂಬಿದ್ದೆ, ಆ ನಂಬಿಕೆ ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಆ ಕೋಣೆ ಅವ್ವನ ರಾಜ್ಯ. ಜೋಳ, ತೊಗರಿ, ಶೇಂಗಾ, ಒಣ ಮೆಣಸಿನಕಾಯಿ. ಯಾವುದಾದರೂ ಡಬ್ಬಿ ಖಾಲಿಯಾದರೆ ಅದನ್ನು ಬುಡಮೇಲು ಮಾಡಿ, ಬಡಿದು, ತಳ ಗುಡಿಸಿ, ಬಿಸಿಲಿಗೆ ಒಣಗಿಸಿಯೇ ಹೊಸದನ್ನು ತುಂಬಬೇಕು. ಒಂದು ಹಳೆಯ ಕಾಳು ಉಳಿದರೂ ಅದರಿಂದ ನುಸಿ ಹುಟ್ಟುತ್ತದೆಂದು ಅವಳ ಗುಮಾನಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ನನ್ನ ಹೆಂಡತಿ ರೇಣುಕಾ ಮದುವೆಯಾಗಿ ಬಂದಾಗಿನಿಂದ ಇವತ್ತಿನವರೆಗೂ ಬೆಳಗ್ಗೆ ಮೊರ ಹಿಡಿದು ಆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಅವ್ವ ಸಂಚಿ ಬಿಚ್ಚಿ, ಬೀಗ ತೆಗೆದು, ಅಳೆದು ಹಾಕಿ, ಮತ್ತೆ ಬೀಗ ಹಾಕುತ್ತಾಳೆ. ಜಗಳ ಇಲ್ಲ, ಕೆಟ್ಟ ಮಾತಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ರೇಣುಕಾ ಬೆಳಗ್ಗೆ ತನಗೆ ಬೇಕಾದ ಸಾಲಿನಲ್ಲಿ ಇಡುತ್ತಾಳೆ, ಮಧ್ಯಾಹ್ನದೊಳಗೆ ಅವ್ವನ ಕೈಯಾಡಿ ಅವು ಹಳೆಯ ಸಾಲಿಗೆ ಹೋಗಿರುತ್ತವೆ. ಇದನ್ನು ನಾನು ನೋಡಿದ್ದೆ. ಅಂಗಡಿಯಲ್ಲಿ ಬುಷ್ ಎದುರಿಗಿದ್ದರೂ ಕಾಣದ ಕಣ್ಣಿನಿಂದ ನೋಡಿದ್ದೆ.

ಇಂಥ ತಾಯಿಯ ಮಗ ಸುಮ್ಮನೆ ಕೂರುತ್ತಾನೆಯೇ? ಎಲ್ಲವನ್ನೂ ಹಳೆಯ ಜಾಗಕ್ಕೆ ಇಟ್ಟೆ. ಮೂಲೆಯ ಕಾಳುಗಳನ್ನು ಬಳಿದು ಕಾಳಿನ ಪೆಟ್ಟಿಗೆಗೆ ಹಾಕಿದೆ. ಸೀಸೆಗಳ ನಡುವೆ ಒಂದು ಕೊಳೆತ ಮೀನನ್ನು ಕಾವಲಿಗೆ ಇಟ್ಟೆ, ಅದೇ ನನ್ನ ಗಂಟಿನ ಬಾಲ. ಮರುದಿನ ಬೆಳಗ್ಗೆ ಚಹಾ ಕುಡಿಯುತ್ತಾ ತೆರೆದರೆ ಕೊಳೆತ ಮೀನು ಹೊಲದ ಗೊಬ್ಬರಕ್ಕೆ ಹೋಗಿತ್ತು, ಕತ್ತಿ ಕುಡುಗೋಲುಗಳ ಜೊತೆ ಮಲಗಿತ್ತು, ಖಾಲಿ ಪೆಟ್ಟಿಗೆಗಳ ಮೂಲೆಯಲ್ಲಿ ಒಂದೊಂದು ಹಿಡಿ ಕಾಳು ಬಂದು ಕೂತಿತ್ತು. ನಾನು ಮತ್ತೆ ತಿರುವಿ ಹಾಕಿದೆ. ಅದು ಮತ್ತೆ ಬಂತು. ನಾನು ಬೆಳಗ್ಗೆ ಕೆಡಿಸುವುದು, ಅದು ಸಂಜೆಯೊಳಗೆ ಕಟ್ಟುವುದು, ಹೀಗೆ ಕಾಣದ ಕೈಯೊಂದರ ಜೊತೆ ನನ್ನ ಕುಸ್ತಿ ನಡೆಯಿತು.

ಮೊದಲ ಅನುಮಾನ ಮಗಳ ಮೇಲೆ. ಆಟದ ಖಾತೆ ಅವಳದ್ದೇ, ಹರಪನಹಳ್ಳಿಯಲ್ಲಿ ಕೂತು ತನ್ನ ಫೋನಿನಿಂದ ಅಪ್ಪನ ಪೆಟ್ಟಿಗೆಗೆ ಕೈ ಹಾಕುವುದು ಅವಳಿಗೆ ಕಷ್ಟವಲ್ಲ. ಫೋನ್ ಮಾಡಿ ಊಟ, ಪರೀಕ್ಷೆ ಎಲ್ಲ ವಿಚಾರಿಸಿ, ಪೊಲೀಸರು ಕೇಳುವ ಹಾಗೆ ನಡುವೆ ಥಟ್ಟನೆ ಕತ್ತಿಯ ವಿಷಯ ತೆಗೆದೆ. "ಅಪ್ಪಾ, ನಾನು ಆ ಆಟ ಬಿಟ್ಟು ಯಾವ ಕಾಲ ಆತು. ನಿನಗೆ ಅಂಗಡೀಲಿ ವ್ಯಾಪಾರ ಇಲ್ಲೇನು?" ಅಂದಳು. ಆ ಮಾತಿನಲ್ಲಿ ಕಳ್ಳತನಕ್ಕಿಂತ ಕನಿಕರ ಹೆಚ್ಚಿದ್ದುದರಿಂದ ಅವಳನ್ನು ಬಿಟ್ಟೆ.

ಎರಡನೆಯವನು ಖಾಜಾ. ಒಮ್ಮೊಮ್ಮೆ ನಾನು ಟ್ಯಾಬನ್ನು ಅಂಗಡಿಗೆ ಒಯ್ಯುತ್ತಿದ್ದೆ, ಊಟದ ಹೊತ್ತಿಗೆ ಅವನು ಬಂದು ಕೂರುತ್ತಿದ್ದ. ಒಂದು ದಿನ ಅವನೆದುರಿಗೆ ಯಾರಿಗೋ ಹೇಳುವವನಂತೆ, ಕೆಲವರಿಗೆ ಇನ್ನೊಬ್ಬರ ಸಾಮಾನು ಮುಟ್ಟುವ ಚಟ ಇರುತ್ತದೆ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ. ಅವನು ಹೆಗಲು ಮುಟ್ಟಿಕೊಳ್ಳಲಿಲ್ಲ, ನನ್ನ ಹಣೆ ಮುಟ್ಟಿ ನೋಡಿದ. ವಿಷಯ ಪೂರ್ತಿ ಕೇಳಿದ ಮೇಲೆ, "ಕೊಟ್ರೇಶಣ್ಣ, ಕಳ್ಳ ಜ್ವಾಳ ಇಟ್ಟು ಹೋಗ್ತಾನಂದ್ರ ಹಿಡಿಯಾಕ ಹೋಗಬ್ಯಾಡ, ನಮ್ಮ ಮನಿ ಅಡ್ರೆಸ್ ಕೊಡು" ಅಂದ. ಅವನ ಸಂಸಾರ ದೊಡ್ಡದು, ಹಾಗಾಗಿ ಆ ಮಾತನ್ನು ಪೂರ್ತಿ ತಮಾಷೆ ಎಂದೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಆಟ ಮಾಡಿದ ಕಂಪನಿಯವರ ಮೇಲೆ ಸಂಶಯ ಬಂತು. ಸಮುದ್ರದಾಚೆ ಕೂತವರು ನನ್ನ ಬುದ್ಧಿ ಪರೀಕ್ಷೆ ಮಾಡುತ್ತಿದ್ದಾರೆ ಎನ್ನಿಸಿತು. ಆಮೇಲೆ ನನ್ನ ಮೇಲೆಯೇ ಬಂತು. ನಿದ್ದೆಯಲ್ಲಿ ನಡೆಯುವವರಿದ್ದಾರೆ, ಜೋಡಿಸುವವರೂ ಇರಬಹುದು. ರೇಣುಕಾಳ ಮೇಲೆ ಮಾತ್ರ ಬರಲಿಲ್ಲ. ಟ್ಯಾಬಿನ ಮೇಲಿನ ಧೂಳನ್ನು ಸಹ ಅವಳು ಸೆರಗಿನ ತುದಿಯಿಂದ ಹಾವು ಮುಟ್ಟಿದಂತೆ ಒರೆಸುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಅಷ್ಟರಲ್ಲಿ ಗುಡೇಕೋಟೆಯಿಂದ ಭಾವಮೈದುನನ ಫೋನ್ ಬಂತು. ಗುಡೇಕೋಟೆ ರೇಣುಕಾಳ ತವರು. ಅವರ ಹೊಲದ ಮೋಟರ್ ಸುಟ್ಟಿತ್ತು. ಖಾಜಾನ ಕೈಯಲ್ಲಿ ರಿಪೇರಿಯಾದ ಒಂದು ಮೋಟರನ್ನು ಬಾಡಿಗೆ ಗಾಡಿಗೆ ಹೇರಿ, ಕೂಡ್ಲಿಗಿ ದಾಟಿ ನಾನೇ ಹೋದೆ. ಮೋಟರ್ ಇಳಿಸಿ, ನೀರು ಬರುವುದನ್ನು ನೋಡಿ ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಕುರಿಗಳು ಗುಡ್ಡದಿಂದ ಇನ್ನೂ ಬಂದಿರಲಿಲ್ಲ. ಅತ್ತೆ ರೊಟ್ಟಿ ಹಿಟ್ಟಿಗೆಂದು ಪಡಸಾಲೆಯಲ್ಲಿದ್ದ ಗುಮ್ಮಿಯಿಂದ ಜೋಳ ತೆಗೆಯುತ್ತಿದ್ದರು. ಗುಮ್ಮಿ ಎಂದರೆ ಕಾಳು ತುಂಬಿಡುವ, ಆಳೆತ್ತರದ ಬುಟ್ಟಿ. ಹಳೆಯ ಜೋಳ ಮುಗಿಯುತ್ತಾ ಬಂದಿತ್ತು, ಅವರು ಒಳಗೆ ಬಾಗಿ ಬಾಗಿ ಬಾಚುತ್ತಿದ್ದರು. ಎಲ್ಲ ಮೊರಕ್ಕೆ ಬಿದ್ದ ಮೇಲೆ ಮೊರದಿಂದ ಒಂದು ಹಿಡಿ ಜೋಳ ತೆಗೆದು ಮತ್ತೆ ಗುಮ್ಮಿಯ ತಳಕ್ಕೆ ಹಾಕಿದರು.

ನಾನು ಚಹಾದ ಲೋಟವನ್ನು ಕೆಳಗಿಟ್ಟೆ. ಏಕೆ ಹಾಕಿದಿರೆಂದು ಕೇಳಿದೆ. ಇಷ್ಟು ಗೊತ್ತಿಲ್ಲದ ಅಳಿಯನಿಗೆ ಮಗಳನ್ನು ಕೊಟ್ಟೆನಲ್ಲ ಎನ್ನುವಂತೆ ಅವರು ನನ್ನನ್ನು ನೋಡಿದರು.

"ತಳ ಕಾಣಬಾರದ್ರಿ. ಒಂದು ಹಿಡಿ ಇದ್ರ ಅದು ಇನ್ನಷ್ಟನ್ನ ಕರೀತದ. ನಮ್ಮ ಮನ್ಯಾಗ ಹೆಣ್ಮಕ್ಕಳು ನಡಿಯಾಕ ಕಲಿಯೋದ್ರೊಳಗ ಇದನ್ನ ಕಲೀತಾರ."

ಅತ್ತೆ ಇನ್ನೂ ಏನೇನೋ ಹೇಳಿದರು, ಕುರಿಯ ಉಣ್ಣೆ, ನೆಲದಡಿ ಕಾಳು ಹೂಳಿಡುತ್ತಿದ್ದ ಹಗೇವಿನ ಕಾಲ. ನನ್ನ ಕಿವಿಗೆ ಬೀಳಲಿಲ್ಲ. ಗುಡೇಕೋಟೆಯಿಂದ ವಾಪಸು ಬರುವಾಗ ದಾರಿಯುದ್ದಕ್ಕೂ ಕುರುಚಲು ಗುಡ್ಡಗಳನ್ನು ನೋಡುತ್ತಾ ಕೂತಿದ್ದೆ. ಕಳ್ಳ ಸಿಕ್ಕ ಸಂತೋಷ ನನಗೆ ಆಗಬೇಕಿತ್ತು. ಆಗಲಿಲ್ಲ. ಬದಲಿಗೆ ಒಂದು ಭಯ ಆಯಿತು, ಅದರ ಕಾರಣ ಆಗ ಗೊತ್ತಾಗಲಿಲ್ಲ.

ಮರುದಿನ ಅವ್ವ ಓಣಿಯ ಕಡೆ ಹೋಗಿದ್ದಾಗ ಟ್ಯಾಬನ್ನು ತೆಗೆದುಕೊಂಡು ಅಡುಗೆಮನೆಗೆ ಹೋದೆ. ರೇಣುಕಾ ರೊಟ್ಟಿ ಬಡಿಯುತ್ತಿದ್ದಳು. ಮೂಲೆಯ ಕಾಳನ್ನು ತೋರಿಸಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಮಧ್ಯಾಹ್ನ ಅವ್ವ ಮಲಗಿದಾಗ ಆಡುತ್ತೇನೆ ಎಂದಳು. ಮಗಳು ರಜೆಗೆ ಬಂದಾಗ ಕಲಿಸಿ ಹೋಗಿದ್ದಾಳೆ, ಗಣಿಗೆ ಹೋಗುವುದಿಲ್ಲ, ಮೃಗಗಳ ತಂಟೆಗೆ ಹೋಗುವುದಿಲ್ಲ, ಪೆಟ್ಟಿಗೆ ಮಾತ್ರ ಜೋಡಿಸುತ್ತೇನೆ ಎಂದಳು. ಕತ್ತಿ ಎಂದರೆ ಕೊಯ್ಯುವ ಸಾಮಾನು, ಕುಡುಗೋಲಿನ ಜೊತೆಗೇ ಇರಬೇಕಲ್ಲ. ಔಷಧಿ ಎಂದರೆ ಅವಸರಕ್ಕೆ ಬೇಕಾಗುವಂಥದ್ದು, ಬಾಗಿಲ ಹತ್ತಿರ ಇರಬೇಕಲ್ಲ. ಅವಳ ಒಂದೊಂದು ಜಾಗಕ್ಕೂ ಒಂದೊಂದು ಕಾರಣವಿತ್ತು. ನನ್ನ ಜಾಗಗಳಿಗೆ ಬಣ್ಣ ಬಿಟ್ಟರೆ ಬೇರೆ ಕಾರಣವಿರಲಿಲ್ಲ.

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಆಗ ಅವಳು ಕೈ ನಿಲ್ಲಿಸಿದಳು.

"ಈ ಮನ್ಯಾಗ ನಾ ಇಟ್ಟಿದ್ದು ನಾ ಇಟ್ಟಲ್ಲೇ ಇರೋ ಜಾಗ ಒಂದರ ಇರ್ಲಿ ಅನಿಸ್ತು ರೀ. ಅಲ್ಲೂ ದಿನಾ ಮುಂಜಾನಿ ಯಾರೋ ಎಲ್ಲಾ ತಿರುವಿ ಹಾಕಿರ್ತಿದ್ರು. ನೀವ ಅಂತ ಗೊತ್ತಿತ್ತು. ಅತ್ತಿ ಮಗ ಅಲ್ಲೇನು ಅಂದ್ಕೊಂಡು ಸುಮ್ನಾದೆ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವಳು ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿ, ರೊಟ್ಟಿಯನ್ನು ಹಂಚಿಗೆ ಹಾಕಿದಳು. ಗುಡೇಕೋಟೆಯ ದಾರಿಯಲ್ಲಿ ಆದ ಭಯ ಏನೆಂದು ಈಗ ತಿಳಿಯಿತು. ಇಷ್ಟು ವರ್ಷ ಈ ಮನೆಯಲ್ಲಿ ಬದುಕಿದವಳಿಗೆ ಈ ಮನೆಯಲ್ಲಿ ಒಂದು ಖಾನೆಯೂ ಇರಲಿಲ್ಲ. ಎಲ್ಲಿಯೂ ಸಿಗದ್ದನ್ನು ಅವಳು ಗಾಜಿನೊಳಗೆ ಹುಡುಕಿಕೊಂಡಿದ್ದಳು, ಅಲ್ಲೂ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ. ನನಗೆ ತುಂಬಾ ನಾಚಿಕೆಯಾಯಿತು. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು, ಬಿಸಿಯಾಗಿದೆ ಎಂದು ನೆಪ ಹೇಳಿ ಎದ್ದೆ.

ಪೆಟ್ಟಿಗೆಗಳನ್ನು ಅವಳಿಗೇ ಬಿಟ್ಟುಕೊಟ್ಟರೆ ಆಯಿತು ಎಂದು ಮೊದಲು ಅನ್ನಿಸಿತು. ಖರ್ಚಿಲ್ಲದ ಔದಾರ್ಯ. ಆಟದ ಪೆಟ್ಟಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೀಯಲ್ಲ ಎಂದು ನನ್ನ ಮೇಲೆ ನನಗೇ ಗುಮಾನಿ ಬಂತು. ಅಂಗಡಿಗೆ ಹೊರಟವನು ಚಪ್ಪಲಿ ಬಿಟ್ಟು, ಅಷ್ಟರಲ್ಲಿ ಓಣಿಯಿಂದ ಮರಳಿ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದ ಅವ್ವನ ಎದುರಿಗೆ ಕೂತೆ. ಕಾಳಿನ ಕೋಣೆಯ ಕೀಲಿಕೈ ಇನ್ನು ರೇಣುಕಾಳ ಕೈಯಲ್ಲಿ ಇರಲಿ ಎಂದೆ.

ಅವ್ವ ನನ್ನನ್ನು ನೋಡಲಿಲ್ಲ, ಅಡುಗೆಮನೆಯ ಬಾಗಿಲನ್ನು ನೋಡಿದಳು. ಅವಳು ಹೇಳಿ ಕಳಿಸಿದಳೇನು ಎಂದು ಕೇಳಿದಳು. ಇಲ್ಲವೆಂದೆ. ಹಾಗಾದರೆ ನಿನಗೆ ಏನು ಬೇಕಾಗಿದೆ ಎಂದು ಕೇಳಿದಳು. ಕೋಣೆಯಲ್ಲಿ ಏನಾದರೂ ಮಾರುವುದಿದೆಯೇ ಎಂದು ಕೇಳಿದಳು. ಕೇಳುವುದೆಲ್ಲ ಮುಗಿದ ಮೇಲೆ ಅಡಿಕೆಯನ್ನು ಬದಿಗಿಟ್ಟಳು. ಸಂಚಿಯ ಮೇಲೆ ಕೈ ಹೋಯಿತು, ಅಲ್ಲೇ ನಿಂತಿತು.

"ನಮ್ಮತ್ತಿ ಸತ್ತಾಗ ಅಕಿ ನಡುವಿನಿಂದ ನಾನ ಬಿಚ್ಚಿಕೊಂಡೆ ಇದನ್ನ. ಅಕಿನೂ ಹಂಗ ಬಿಚ್ಚಿಕೊಂಡಿದ್ಲಂತ. ಈ ಮನ್ಯಾಗ ಯಾರೂ ಯಾರ ಕೈಯಾಗೂ ಕೊಟ್ಟಿಲ್ಲ ಕೊಟ್ರೇಶಿ. ಹೆಂಗ ಕೊಡ್ತಾರ ಅನ್ನೋದ ನನಗ ಗೊತ್ತಿಲ್ಲ."

ಅವ್ವನ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಹೇಗೆ ಕೊಡುತ್ತಾರೆಂದು ನನಗೂ ಗೊತ್ತಿರಲಿಲ್ಲ. ಅವಳು ಮತ್ತೆ ಅಡಿಕೆ ಕತ್ತರಿಸತೊಡಗಿದಳು, ನಾನು ಅಂಗಡಿಗೆ ಹೋದೆ.

ಅದಾದ ಮೇಲೆ ಕೆಲವು ದಿನ ಏನೂ ಆಗಲಿಲ್ಲ. ಮೊರ ಬಾಗಿಲಲ್ಲಿ ನಿಲ್ಲುತ್ತಿತ್ತು, ಬೀಗ ತೆಗೆಯುತ್ತಿತ್ತು, ಬೀಗ ಹಾಕುತ್ತಿತ್ತು. ನಾನು ಪೆಟ್ಟಿಗೆಗಳನ್ನು ಮುಟ್ಟುವುದು ಬಿಟ್ಟಿದ್ದೆ. ಬೆಳಗ್ಗೆ ತೆರೆದು, ಅವಳು ಜೋಡಿಸಿದ್ದನ್ನು ನೋಡಿ ಮುಚ್ಚುತ್ತಿದ್ದೆ, ಅಷ್ಟೇ. ಒಂದು ದಿನ ಸಂಜೆ ಬಂದಾಗ ರೇಣುಕಾಳ ಮುಖ ಬೇರೆಯಾಗಿತ್ತು. ಬೆಳಗ್ಗೆ ಬೀಗ ತೆಗೆದ ಮೇಲೆ ಅವ್ವ ಸಂಚಿಯಲ್ಲಿ ಸುಣ್ಣದ ಡಬ್ಬಿ ಹುಡುಕುವವಳಂತೆ ಮಾಡಿ, ಇದನ್ನು ಸ್ವಲ್ಪ ಹಿಡಿದುಕೋ ಎಂದು ಕೀಲಿಕೈಯನ್ನು ಅವಳ ಕೈಗೆ ಕೊಟ್ಟಳಂತೆ. ಡಬ್ಬಿ ಸಿಕ್ಕಿತು. ಎಲೆಗೆ ಸುಣ್ಣ ಹಚ್ಚಿದ್ದಾಯಿತು, ಅಡಿಕೆ ಹಾಕಿದ್ದಾಯಿತು, ಸಂಚಿ ಕಟ್ಟಿದ್ದಾಯಿತು. ಕೀಲಿಕೈಯನ್ನು ಅವ್ವ ವಾಪಸು ಕೇಳಲಿಲ್ಲ. ಮಧ್ಯಾಹ್ನವೂ ಕೇಳಲಿಲ್ಲ. ರೇಣುಕಾ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಸಂಜೆಯವರೆಗೆ ಕೆಲಸ ಮಾಡಿದ್ದಳು, ಅಂಗೈಯಲ್ಲಿ ಅದರ ಹಲ್ಲಿನ ಗುರುತು ಮೂಡಿತ್ತು. ನನಗೆ ತೋರಿಸಿದಳು.

ಇಷ್ಟಕ್ಕೇ ನಮ್ಮವ್ವ ಬದಲಾದಳೆಂದು ನೀವು ತಿಳಿದಿದ್ದರೆ ನಿಮಗೆ ನಮ್ಮವ್ವ ಗೊತ್ತಿಲ್ಲ. ಗಂಟುಗಳ ಬಾಲವನ್ನು ಅವಳು ಈಗಲೂ ಹೋಗಿ ನೋಡಿ ಬರುತ್ತಾಳೆ. ರೇಣುಕಾ ತೊಗರಿಯ ಡಬ್ಬಿ ಖಾಲಿ ಮಾಡಿದ ದಿನ ಅದರ ತಳದಲ್ಲಿ ಒಂದು ಹಿಡಿ ಉಳಿದದ್ದನ್ನು ಕಂಡು, ಇದನ್ನು ಯಾರಿಗೆಂದು ಉಳಿಸಿದ್ದಾಳೆ ಎಂದು ನನ್ನನ್ನು ಗುಟ್ಟಾಗಿ ವಿಚಾರಿಸಿದಳು. ತವರಿನ ಪದ್ಧತಿ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಇತ್ತ ನನ್ನ ಗುಡಿಸಲಿನಲ್ಲಿ ಪೆಟ್ಟಿಗೆಗಳು ಇದ್ದ ಹಾಗೆಯೇ ಇರತೊಡಗಿದವು. ರೇಣುಕಾಳಿಗೆ ಈಗ ನಿಜದ ಕೋಣೆ ಸಿಕ್ಕಿತ್ತು, ಮಧ್ಯಾಹ್ನವೆಲ್ಲ ಅಲ್ಲೇ. ಯಾರೂ ನನ್ನ ಸಾಮಾನು ಮುಟ್ಟಬಾರದು ಎನ್ನುತ್ತಿದ್ದವನು ಯಾರಾದರೂ ಮುಟ್ಟಿದ್ದಾರೆಯೇ ಎಂದು ಬೆಳಗ್ಗೆ ಎದ್ದು ನೋಡುವಂತಾಯಿತು. ಕತ್ತಿ ಕುಡುಗೋಲುಗಳ ಪಕ್ಕದಲ್ಲಿ ಇದ್ದಲ್ಲೇ ಇರುತ್ತಿತ್ತು. ಮನೆಯಲ್ಲಿ ಮಧ್ಯಾಹ್ನ ಇನ್ನೊಬ್ಬರ ಕೈಯೂ ಬರಿದಾಗಿದೆ ಎಂಬುದು ನನಗೆ ಹೊಳೆಯಲಿಲ್ಲ. ಅವ್ವ ಈಚೆಗೆ ಮಧ್ಯಾಹ್ನ ಮಲಗುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಸಂಚಿ ಬಿಚ್ಚುವುದು, ಒಳಗಿನ ಖಾನೆಗೆ ಬೆರಳು ಹಾಕುವುದು, ಮತ್ತೆ ಕಟ್ಟುವುದು. ಭಾನುವಾರ ಮನೆಯಲ್ಲಿದ್ದಾಗ ನಾನೇ ಅದನ್ನು ಕಂಡಿದ್ದೆ, ಬುಷ್ ನೋಡುವ ಅದೇ ಕಣ್ಣಿನಿಂದ.

ಒಂದು ಬೆಳಗ್ಗೆ ಚಹಾದ ಲೋಟ ಹಿಡಿದು ಟ್ಯಾಬ್ ತೆರೆದೆ. ನನ್ನ ಗುಡಿಸಲು ನನಗೇ ಗುರುತು ಸಿಗಲಿಲ್ಲ. ಪೆಟ್ಟಿಗೆಗಳನ್ನೆಲ್ಲ ಬುಡಮೇಲು ಮಾಡಿದಂತಿತ್ತು. ಕಲ್ಲು ಕಬ್ಬಿಣ ಕೆಳಗಿನ ಸಾಲಿಗೆ ಇಳಿದಿದ್ದವು, ಗರಿ ನಾರು ಮೇಲಕ್ಕೆ ಏರಿದ್ದವು. ಹರಿದ ಬೂಟಿಲ್ಲ, ಮುರಿದ ಗಾಳವಿಲ್ಲ, ಜಿಂಕೆಯ ಕೊಂಬಿಲ್ಲ, ಎಲ್ಲ ಹೊರಗೆ ಹೋಗಿತ್ತು. ಇದು ರೇಣುಕಾಳ ಕೈಯಲ್ಲ. ಯಾರೋ ತಳ ಗುಡಿಸಿದ್ದರು. ಆದರೆ ಗುಡಿಸಿದ ಪ್ರತಿ ಪೆಟ್ಟಿಗೆಯ ಮೂಲೆಯಲ್ಲೂ ಒಂದು ಹಿಡಿ ಕಾಳು ಇತ್ತು.

ಹಳೆಯ ಸಂಶಯ ಭುಗಿಲೆಂದು ಎದ್ದಿತು. ಮಗಳೋ, ಖಾಜಾನೋ, ಸಮುದ್ರದಾಚೆಯವರೋ ಎಂದು ಟ್ಯಾಬನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗಾಜಿನ ಮೇಲೆ ಬಿಳಿಯ ಕಲೆಯೊಂದು ಕಂಡಿತು. ಸುಣ್ಣ. ಹತ್ತಿರ ಹಿಡಿದು ನೋಡಿದೆ. ಚಿಕ್ಕಂದಿನಿಂದ ಬೆಲ್ಲದ ಪೆಂಟೆಯ ಮೇಲೆ ನೋಡಿಕೊಂಡು ಬಂದ ಹೆಬ್ಬೆಟ್ಟು ಅದು.

ಅಡುಗೆಮನೆಗೆ ಹೋಗಿ ರೇಣುಕಾಳಿಗೆ ತೋರಿಸಿದೆ. ಅವಳ ಸೊಂಟದಲ್ಲಿ ಕೀಲಿಕೈ ಇತ್ತು. ಅವಳು ಕಲೆಯನ್ನು ನೋಡಿ, ಪಡಸಾಲೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅತ್ತಿ ಕೈ ಖಾಲಿ ಆಗಿತ್ತು ರೀ, ನಾನ ಕಲಿಸಿಕೊಟ್ಟೆ. ತಳ ಕಾಣಬಾರದಲ್ಲ."

ಹೊರಗೆ ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು. ನಾನು ಟ್ಯಾಬ್ ಹಿಡಿದು ಬಂದದ್ದನ್ನು ಓರೆಗಣ್ಣಿನಿಂದ ನೋಡಿ, ಏನನ್ನಾದರೂ ಮುಟ್ಟಿದೆಯೇನು ಎಂದು ಕೇಳಿದಳು. ಇಲ್ಲ ಎಂದೆ. ಕತ್ತಿಯನ್ನು ಕುಡುಗೋಲಿನ ಪಕ್ಕದಲ್ಲೇ ಬಿಟ್ಟು, ಗಾಜಿನ ಮೇಲಿನ ಸುಣ್ಣವನ್ನು ಒರೆಸದೆ, ಟ್ಯಾಬನ್ನು ಟಿ.ವಿ.ಯ ಪಕ್ಕದಲ್ಲಿ ಇದ್ದ ಹಾಗೆಯೇ ಇಟ್ಟು ಅಂಗಡಿಗೆ ಹೊರಟೆ.